ಅಪ್‌ಡೇಟ್: ನನ್ನ ಹೊಸ ನಾಟಕಕ್ಕೆ ದುಡ್ಡು ಹೊಂದಿಕೆಯಾಯಿತು

ನೇಕಾರ ತಾಯಿಯೊಬ್ಬಳ ಕಥೆ ಇಟ್ಟುಕೊಂಡು ಬರೆದ ಹೊಸ ನಾಟಕ ಆಡಿಸಲು ದುಡ್ಡು ಎಲ್ಲಿಂದ ತರಲಿ ಎಂದು ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಶರಣು.

ಮೊದಲು ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದೆ. ಬನದ ಹುಣ್ಣಿಮೆಗೆ ಅಲ್ಲಿ ನಾಟಕ ಕಂಪನಿಗಳು ಟೆಂಟ್ ಹಾಕುತ್ತವೆ, ಅಲ್ವಾ? ಒಬ್ಬ ಕಂಪನಿ ಮಾಲೀಕರು ನನ್ನ ನಾಟಕ ಓದಿ, 'ಚಲೋ ಐತಿ, ಆದ್ರ ಕಾಮಿಡಿ ಜಾಸ್ತಿ ಬೇಕು' ಎಂದರು. ನೇಕಾರ ತಾಯಿಯ ಕಥೆಗೆ ಸುಮ್ನೆ ಕಾಮಿಡಿ ತುರುಕಲು ಮನಸ್ಸು ಒಪ್ಪಲಿಲ್ಲ.

ನಿಮ್ಮಲ್ಲೊಬ್ಬರು ಹೇಳಿದಂತೆ, ಗುಳೇದಗುಡ್ಡದಲ್ಲಿ ಖಣ (ಕುಪ್ಪಸದ ಬಟ್ಟೆ) ನೇಯುವವರ ಓಣಿಯಲ್ಲೇ ನಾಟಕ ಓದಿ ಹೇಳಿದೆ. ಮಗ್ಗದ ಸದ್ದು ನಿಂತ ಮೇಲೆ, ರಾತ್ರಿ. ಮುಗಿದಾಗ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ 100 ರೂಪಾಯಿ ಕೊಟ್ಟರು. ನನಗೆ ಮಾತೇ ಹೊರಡಲಿಲ್ಲ. ಮರುದಿನದಿಂದ ಮನೆಮನೆಗೆ ಹೋಗಿ ಪಟ್ಟಿ (ಚಂದಾ) ಎತ್ತಿದೆವು. ಲೈಟು, ಮೈಕು, ಪರದೆಗೆ ಸಾಕಾಗುತ್ತದೆ. ಪಾತ್ರ ಮಾಡುವವರೂ ಓಣಿಯವರೇ, ತಾಲೀಮು ಶುರುವಾಗಿದೆ. ಹಾರ್ಮೋನಿಯಂ ಮಾಸ್ತರರು ಮಾತ್ರ ಇನ್ನೂ ಸಿಕ್ಕಿಲ್ಲ.