ಅರ್ಮೇನಿಯಾದ ಹಳೆಯ ಮಠಗಳನ್ನು ನೋಡಲು ಒಂದೇ ದಿನವಿದೆ: ಯಾವ ದಾರಿ ಹಿಡಿಯಬೇಕು?

ನೀರ್ಚಾಲಿನ ಮಾಸ್ಟ್ರು:

ಎಲ್ಲರಿಗೂ ನಮಸ್ಕಾರ. ಶಾರ್ಜಾದಲ್ಲಿ ಉದ್ಯೋಗದಲ್ಲಿರುವ ನನ್ನ ಮಗ ಬರುವ ಅಕ್ಟೋಬರ್ ತಿಂಗಳಲ್ಲಿ ನನ್ನನ್ನೂ ನನ್ನ ಮನೆಯವರನ್ನೂ ತನ್ನಲ್ಲಿಗೆ ಕರೆಸಿಕೊಂಡು, ಅಲ್ಲಿಂದ ನಾಲ್ಕು ದಿನಗಳ ಮಟ್ಟಿಗೆ ಅರ್ಮೇನಿಯಾದ ರಾಜಧಾನಿ ಯೆರೆವಾನಿಗೆ ಕರೆದೊಯ್ಯುವುದೆಂದು ನಿಶ್ಚಯಿಸಿದ್ದಾನೆ. ಟಿಕೇಟು, ವೀಸಾ, ಹೋಟೆಲು ಎಲ್ಲವೂ ಅವನ ಜವಾಬ್ದಾರಿ. ಹಳೆಯ ಮಠಗಳನ್ನೂ ಇಗರ್ಜಿಗಳನ್ನೂ ನೋಡಲು ಒಂದು ದಿನವನ್ನು ಮೀಸಲಿಟ್ಟು, ಎಲ್ಲಿಗೆ ಹೋಗಬೇಕೆಂಬ ತೀರ್ಮಾನವನ್ನು ಮಾತ್ರ ನನಗೆ ಬಿಟ್ಟಿದ್ದಾನೆ. ಅವನು ಕಳುಹಿಸಿದ ಪಟ್ಟಿಯಲ್ಲಿ ಗೈಡ್ ಸಹಿತವಾದ ಮೂರು ದಾರಿಗಳಿವೆ: ಒಂದು, ಗಾರ್ನಿ ಮತ್ತು ಗೆಗಾರ್ಡ್, ಇನ್ನೊಂದು, ಖೋರ್ ವಿರಾಪ್, ಅರೆನಿ ಮತ್ತು ನೋರಾವಾಂಕ್, ಮೂರನೆಯದು, ಉತ್ತರದ ಗಡಿಯತ್ತ ಇರುವ ಹಘ್ಪಾತ್ ಮತ್ತು ಸನಾಹಿನ್.

ನನಗೆ ಎಪ್ಪತ್ತೆರಡು ವರ್ಷ. ಬಲಮೊಣಕಾಲಿನಲ್ಲಿ ನೋವಿದೆ, ಮೆಟ್ಟಿಲು ಹತ್ತುವುದು ನಿಧಾನವಾದರೂ ಸಾಧ್ಯ, ಇಳಿಯುವುದೇ ಕಷ್ಟ. ಮನೆಯವರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಮಠವೆಂದರೆ ನಮ್ಮ ಕಣ್ಣಿಗೆ ಬರುವುದು ಎಡನೀರು. ಅಲ್ಲಿ ಸ್ವಾಮಿಗಳಿದ್ದಾರೆ, ಪೂಜೆಯಿದೆ, ಊಟವಿದೆ, ರಾತ್ರಿ ಯಕ್ಷಗಾನವಿದೆ. ಇಗರ್ಜಿಯೆಂದರೆ ಬೇಳದ್ದು, ಅದರ ಗಂಟೆ ನಮ್ಮ ತೋಟಕ್ಕೆ ಕೇಳಿಸುತ್ತದೆ. ಎಂಟುನೂರು ವರ್ಷ ಹಳೆಯ ಕಲ್ಲಿನ ಕಟ್ಟಡಗಳನ್ನು ಒಂದರ ಹಿಂದೆ ಒಂದರಂತೆ ನೋಡುತ್ತ ಹೋದರೆ ಮೂರನೆಯದರ ಹೊತ್ತಿಗೆ ಎಲ್ಲವೂ ಒಂದೇ ರೀತಿ ಕಾಣಿಸೀತೇ ಎಂಬ ಸಂದೇಹವೂ ಇದೆ. ಬಸ್ಸಿನಲ್ಲಿ ಗುಂಪಿನೊಡನೆ ಹೋಗುವುದು ಮೇಲೋ, ಕಾರು ಮತ್ತು ಗೈಡನ್ನು ಪ್ರತ್ಯೇಕವಾಗಿ ಗೊತ್ತುಪಡಿಸುವುದು ಮೇಲೋ? ಕ್ರೈಸ್ತರಲ್ಲದ ನಾವು ಒಳಗೆ ಹೋಗುವಾಗ ಪಾಲಿಸಬೇಕಾದ ಮರ್ಯಾದೆ ಏನು? ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಕುಂಬಳೆ–ದುಬೈ:

ಮಾಸ್ಟ್ರಿಗೆ ನಮಸ್ಕಾರ. ನಾನು ಭಾವನೊಡನೆ ಬಸ್ಸಿನಲ್ಲಿ ಹೋಗಿ ಪಶ್ಚಾತ್ತಾಪಪಟ್ಟವನು, ಆದ್ದರಿಂದ ಮೊದಲು ಆ ಪ್ರಶ್ನೆಗೇ ಉತ್ತರಿಸುತ್ತೇನೆ. ನಮ್ಮ ಟಿಕೇಟಿನಲ್ಲಿ ಗಾರ್ನಿ, ಗೆಗಾರ್ಡ್ ಎರಡರ ಜೊತೆಗೆ ಸೆವಾನ್ ಸರೋವರವನ್ನೂ ಅದರ ದಡದ ಮಠವನ್ನೂ ತುರುಕಲಾಗಿತ್ತು. ಗೈಡ್ ಪ್ರತಿಯೊಂದು ವಾಕ್ಯವನ್ನೂ ಮೊದಲು ರಷ್ಯನ್ನಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದುದರಿಂದ ಅರ್ಧ ಸಮಯ ಭಾಷಾಂತರಕ್ಕೇ ಹೋಯಿತು. ಗೆಗಾರ್ಡಿನಲ್ಲಿ ನಮಗೆ ಸಿಕ್ಕಿದ್ದು ಇಪ್ಪತ್ತೈದು ನಿಮಿಷ, ಅದರಲ್ಲಿ ಹತ್ತು ನಿಮಿಷ ಶೌಚಾಲಯದ ಸಾಲಿನಲ್ಲಿ ಕಳೆಯಿತು. ಮರುವರ್ಷ ಕಾರು ಮಾಡಿಕೊಂಡು ಅಲ್ಲಿಗೇ ಮತ್ತೊಮ್ಮೆ ಹೋದೆ. ಮೂವರಿದ್ದೀರಿ, ಆದ್ದರಿಂದ ಕಾರು ಮತ್ತು ಇಂಗ್ಲಿಷ್ ಬಲ್ಲ ಗೈಡನ್ನೇ ಗೊತ್ತುಮಾಡಿಸಿ, ಗಾರ್ನಿ–ಗೆಗಾರ್ಡ್ ಎರಡನ್ನೇ ಇಟ್ಟುಕೊಳ್ಳಿ. ಗೆಗಾರ್ಡ್ ಯೆರೆವಾನಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ, ಗಾರ್ನಿ ಅದೇ ದಾರಿಯಲ್ಲಿ ಸಿಗುತ್ತದೆ.

ಗೆಗಾರ್ಡಿನ ಬಗ್ಗೆ ಸ್ವಲ್ಪ ಹೆಚ್ಚಾಗಿ ಬರೆಯಬೇಕಾಗಿದೆ. ಅಜಾತ್ ನದಿಯ ಕಣಿವೆಯ ಕೊನೆಯಲ್ಲಿ, ಬಂಡೆಗೆ ಬೆನ್ನುಕೊಟ್ಟು ನಿಂತಿರುವ ಮಠವದು. ನಾಲ್ಕನೆಯ ಶತಮಾನದಲ್ಲಿ ಸಂತ ಗ್ರೆಗರಿ ಅಲ್ಲಿಯ ಗುಹೆಯೊಳಗಿನ ಒರತೆಯ ಬಳಿ ಅದನ್ನು ಸ್ಥಾಪಿಸಿದನೆಂದು ನಂಬಿಕೆ. ಹೊರಗಿನಿಂದ ಕಾಣುವ ಮುಖ್ಯ ಇಗರ್ಜಿ 1215ರದು. ಅದನ್ನು ನೋಡಿ ಹಿಂತಿರುಗುವವರೇ ಹೆಚ್ಚು. ಆದರೆ ನಿಜವಾದ ಗೆಗಾರ್ಡ್ ಇರುವುದು ಬಂಡೆಯೊಳಗೆ. ಹದಿಮೂರನೆಯ ಶತಮಾನದಲ್ಲಿ ಪ್ರೋಷ್ಯಾನ್ ಎಂಬ ಮನೆತನದವರು ಮಠವನ್ನು ಕೊಂಡುಕೊಂಡ ಮೇಲೆ ಬೆಟ್ಟವನ್ನೇ ಕೊರೆಸಿ ಇಗರ್ಜಿಗಳನ್ನೂ ತಮ್ಮ ಸಮಾಧಿ ಮಂಟಪವನ್ನೂ ಮಾಡಿಸಿದರು. ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣ ಎಲ್ಲೋರದಲ್ಲಿ ಕೈಲಾಸನಾಥ ದೇವಾಲಯವನ್ನು ಮೇಲಿನಿಂದ ಕೆಳಕ್ಕೆ ಕೊರೆಸಿದಂತೆಯೇ ಇಲ್ಲಿಯೂ ಮೇಲಿನಿಂದಲೇ ಕೆಲಸ ಆರಂಭವಾಯಿತು. ವ್ಯತ್ಯಾಸವೆಂದರೆ ಅಲ್ಲಿ ಬಂಡೆಯ ಹೊರಮೈಯೂ ದೇವಾಲಯವಾಯಿತು, ಇಲ್ಲಿ ಒಳಗಿನ ಪೊಳ್ಳು ಮಾತ್ರ. ಗೋಪುರದ ನೆತ್ತಿಯ ಒಂದು ರಂಧ್ರದಿಂದ ಬೀಳುವ ಬೆಳಕೇ ಅಲ್ಲಿಯ ದೀಪ. ಮೊದಲನೆಯ ಗುಹಾ ಇಗರ್ಜಿಯೊಳಗೆ ಒರತೆ ಇಂದಿಗೂ ಹರಿಯುತ್ತದೆ, ಜನ ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗುತ್ತಾರೆ. ಸಮಾಧಿ ಮಂಟಪದ ಗೋಡೆಯಲ್ಲಿ ಸರಪಳಿ ಬಿಗಿದ ಎರಡು ಸಿಂಹಗಳೂ ಅವುಗಳ ನಡುವೆ ಕುರಿಮರಿಯನ್ನು ಉಗುರಿನಲ್ಲಿ ಹಿಡಿದ ಹದ್ದೂ ಇವೆ, ತಪ್ಪದೆ ನೋಡಿ.

ಹೊರಗಿನ ಮೆಟ್ಟಿಲು ಹತ್ತಿ, ಶಿಲುಬೆಗಳನ್ನು ಕೆತ್ತಿದ ಇಕ್ಕಟ್ಟಾದ ಓಣಿಯೊಂದನ್ನು ದಾಟಿದರೆ 1288ರ ಮೇಲಿನ ಮಂಟಪ ಸಿಗುತ್ತದೆ. ಅದರ ನಾಲ್ಕು ಕಂಬಗಳೂ ಅದೇ ಬಂಡೆಯವು. ಅಲ್ಲಿ ಯಾರಾದರೂ ಹಾಡಿದರೆ ಸ್ವರ ನಿಂತ ಮೇಲೂ ಬಂಡೆ ಅದನ್ನು ಬಿಡುವುದಿಲ್ಲ. ಹಾಡುಗಾರರ ಸಣ್ಣ ತಂಡಗಳಿವೆ, ಗೈಡಿಗೆ ಮೊದಲೇ ತಿಳಿಸಿದರೆ ವ್ಯವಸ್ಥೆ ಮಾಡಿಸುತ್ತಾರೆ. ಮಾಸ್ಟ್ರ ಮೊಣಕಾಲಿನ ಶಕ್ತಿಯನ್ನು ಆ ಮೆಟ್ಟಿಲುಗಳಿಗೆ ಉಳಿಸಿಟ್ಟುಕೊಳ್ಳಬೇಕೆಂದು ನನ್ನ ವಿನಂತಿ.

ಮಂಜೇಶ್ವರದ ಓದುಗಳು:

ಕುಂಬಳೆಯವರ ಮಾತಿನಲ್ಲಿ ತಪ್ಪಿಲ್ಲ, ಆದರೂ ನಾನು ಖೋರ್ ವಿರಾಪಿನ ಪರವಾಗಿ ವಾದಿಸುತ್ತೇನೆ. ನಾವು ಕ್ಯಾಥೋಲಿಕರು, ನಾನು ಅರ್ಮೇನಿಯಾಕ್ಕೆ ಹೋಗಿದ್ದು ಯಾತ್ರಿಕಳಾಗಿ. ಅರ್ಮೇನಿಯಾದ ತಿರಿದಾತ್ ರಾಜ ಅದೇ ಸಂತ ಗ್ರೆಗರಿಯನ್ನು ಅಲ್ಲಿಯ ಹಾವು ಚೇಳುಗಳಿದ್ದ ಹೊಂಡಕ್ಕೆ ತಳ್ಳಿಸಿದನಂತೆ. ಹದಿಮೂರು ವರ್ಷ ಒಬ್ಬ ವಿಧವೆ ಗುಟ್ಟಾಗಿ ರೊಟ್ಟಿ ಎಸೆದು ಅವನನ್ನು ಬದುಕಿಸಿದಳಂತೆ. ಕೊನೆಗೆ ಹುಚ್ಚು ಹಿಡಿದ ರಾಜನನ್ನು ಗುಣಪಡಿಸಲು ಅವನನ್ನೇ ಮೇಲೆತ್ತಬೇಕಾಯಿತಂತೆ. ಆ ರಾಜ 301ರಲ್ಲಿ ಕ್ರೈಸ್ತ ಧರ್ಮವನ್ನು ರಾಜ್ಯಧರ್ಮವಾಗಿ ಸ್ವೀಕರಿಸಿದನೆಂದು, ಜಗತ್ತಿನಲ್ಲಿ ಹಾಗೆ ಮಾಡಿದ ಮೊದಲ ದೇಶ ತಮ್ಮದೆಂದು ಅರ್ಮೇನಿಯನ್ನರು ಹೆಮ್ಮೆಪಡುತ್ತಾರೆ. ಖೋರ್ ವಿರಾಪ್ ಎಂದರೆ ಆಳವಾದ ಹೊಂಡ ಎಂದೇ ಅರ್ಥ. ಮೇಲಿನ ಇಗರ್ಜಿ ಹದಿನೇಳನೆಯ ಶತಮಾನದ್ದು, ವಾಸ್ತುವಿನ ದೃಷ್ಟಿಯಿಂದ ಗೆಗಾರ್ಡಿಗೆ ಸಮವಲ್ಲ. ಆದರೆ ಅಂಗಳದಲ್ಲಿ ನಿಂತರೆ 5,137 ಮೀಟರ್ ಎತ್ತರದ ಅರರಾತ್ ಪರ್ವತ ಎದುರಿಗೇ ಇರುತ್ತದೆ. ಅದು ಅವರ ಪವಿತ್ರ ಪರ್ವತ, ಅವರ ದೇಶದ ಲಾಂಛನದಲ್ಲಿಯೂ ಇದೆ. ಆದರೆ ಇರುವುದು ಮುಚ್ಚಿದ ಗಡಿಯಾಚೆ, ತುರ್ಕಿಯಲ್ಲಿ. ತಮ್ಮದೆನ್ನುವುದು ಗಡಿಯ ಆ ಬದಿಯಲ್ಲಿ ಉಳಿದುಹೋಗುವ ಸಂಗತಿ 1956ರ ಅನಂತರದ ಕಾಸರಗೋಡಿನ ಕನ್ನಡಿಗರಿಗೆ ವಿವರಿಸಬೇಕಾದದ್ದಲ್ಲ, ಎರಡರ ನೋವಿನ ಅಳತೆ ಬೇರೆಯಾದರೂ.

ಮರ್ಯಾದೆಯ ವಿಷಯ. ಅವರದು ರೋಮಿನ ಸಭೆಯಲ್ಲ. 451ರ ಕಾಲ್ಸೆಡನ್ ಧರ್ಮಸಭೆಯ ನಿರ್ಣಯವನ್ನು ಒಪ್ಪದೆ ಬೇರೆಯಾಗಿ ಉಳಿದ ಪ್ರಾಚೀನ ಸಭೆ, ನಮ್ಮ ಕೇರಳದ ಮಲಂಕರ ಆರ್ಥೊಡಾಕ್ಸ್ ಸಭೆಯೊಂದಿಗೆ ಒಂದೇ ಬಳಗಕ್ಕೆ ಸೇರಿದ್ದು. ಒಳಗೆ ಯಾರು ಬೇಕಾದರೂ ಹೋಗಬಹುದು, ಚಪ್ಪಲಿ ಕಳಚಬೇಕಾಗಿಲ್ಲ. ಗಂಡಸರು ಟೋಪಿ ತೆಗೆಯುತ್ತಾರೆ. ಹೆಂಗಸರು ತಲೆಗೆ ವಸ್ತ್ರ ಹಾಕಿಕೊಳ್ಳುವುದು ವಾಡಿಕೆ, ಅಮ್ಮನವರಿಗೆ ಸೀರೆಯ ಸೆರಗೇ ಸಾಕು. ಮೇಣದ ಬತ್ತಿಗಳನ್ನು ಹಚ್ಚಿ ಮರಳಿನ ತಟ್ಟೆಯಲ್ಲಿ ನಿಲ್ಲಿಸುತ್ತಾರೆ, ನೀವೂ ನಿಲ್ಲಿಸಬಹುದು. ಹೊರಗೆ ಬರುವಾಗ ಅಲ್ಲಿಯ ಹಿರಿಯರು ಪೀಠಕ್ಕೆ ಬೆನ್ನು ತೋರಿಸದೆ ಹಿಮ್ಮುಖವಾಗಿ ನಡೆದು ಬರುವುದನ್ನು ಗಮನಿಸಿ. ಸಾಧ್ಯವಾದರೆ ಭಾನುವಾರವೇ ಹೋಗಿ, ಪತರಗ್ ಎಂದು ಅವರು ಕರೆಯುವ ಬಲಿಪೂಜೆಯ ಗಾಯನವನ್ನು ಕೇಳಿದರೆ ಕೂಲಿಗೆ ಹಾಡಿಸುವ ಅಗತ್ಯವಿರುವುದಿಲ್ಲ.

ಪೆರ್ಲದ ಎಂಜಿನಿಯರ್:

ನಾನು ಮೂರೂ ದಾರಿಗಳಲ್ಲಿ ಹೋಗಿದ್ದೇನೆ, ನನಗೂ ಅರುವತ್ತೆಂಟು. ಆದ್ದರಿಂದ ಮೊಣಕಾಲಿನ ಕಡೆಯಿಂದಲೇ ಲೆಕ್ಕ ಹಾಕುತ್ತೇನೆ. ಖೋರ್ ವಿರಾಪಿನ ಹೊಂಡಕ್ಕೆ ಇಳಿಯಲು ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಏಣಿಯಿದೆ, ಬಾವಿಗೆ ಇಳಿದಂತೆ ಇಳಿಯಬೇಕು; ಮಾಸ್ಟ್ರು ಅದನ್ನು ಮೇಲಿನಿಂದಲೇ ನೋಡಿ ತೃಪ್ತರಾಗಬೇಕಾಗುತ್ತದೆ. ನೋರಾವಾಂಕ್ ಯೆರೆವಾನಿನಿಂದ 120 ಕಿಲೋಮೀಟರಿಗೂ ಹೆಚ್ಚು. ಕೆಂಪು ಬಂಡೆಗಳ ಕಮರಿಯ ನಡುವೆ ಅದು ನಿಂತಿರುವ ಜಾಗಕ್ಕೆ ಸಾಟಿಯಿಲ್ಲ, 1339ರಲ್ಲಿ ಮುಗಿದ ಅಲ್ಲಿಯ ಎರಡಂತಸ್ತಿನ ಇಗರ್ಜಿ ಮೊಮಿಕ್ ಎಂಬ ಶಿಲ್ಪಿಯ ಕೈಯದು. ಆದರೆ ಮೇಲಂತಸ್ತಿಗೆ ಹೋಗುವ ದಾರಿ ಗೋಡೆಯಿಂದ ಹೊರಚಾಚಿದ ಗೇಣಗಲದ ಕಲ್ಲಿನ ಮೆಟ್ಟಿಲುಗಳು; ಹಿಡಿದುಕೊಳ್ಳಲು ಏನೂ ಇಲ್ಲ, ಇಳಿಯುವಾಗ ತರುಣರೂ ಕುಳಿತುಕೊಂಡೇ ಜಾರುತ್ತಾರೆ. ಅರೆನಿಯಲ್ಲಿ ಗುಂಪಿನವರು ದ್ರಾಕ್ಷಾರಸ ರುಚಿ ನೋಡುವುದಕ್ಕೆ ಒಂದು ಗಂಟೆ ಕಳೆಯುತ್ತಾರೆ, ಅದು ನಿಮಗೆ ಉಪಯೋಗವಿಲ್ಲ. ಹಘ್ಪಾತ್ ಮತ್ತು ಸನಾಹಿನ್ ಹತ್ತನೆಯ ಶತಮಾನದ ದೊಡ್ಡ ವಿದ್ಯಾಕೇಂದ್ರಗಳು, ಅವುಗಳ ಗ್ರಂಥಾಲಯದ ಕಟ್ಟಡಗಳು ಇನ್ನೂ ಇವೆ. ಆದರೆ ಹೋಗಿ ಬರುವಷ್ಟರಲ್ಲಿ ದಿನ ಕಾರಿನಲ್ಲಿಯೇ ಮುಗಿಯುತ್ತದೆ. ಹೀಗಾಗಿ ನನ್ನ ಮತವೂ ಗಾರ್ನಿ–ಗೆಗಾರ್ಡಿಗೆ.

ಗಾರ್ನಿ ಇಗರ್ಜಿಯಲ್ಲ, ಅರ್ಮೇನಿಯಾ ಕ್ರೈಸ್ತ ಧರ್ಮವನ್ನು ಸ್ವೀಕರಿಸುವ ಮೊದಲಿನ ದೇವಾಲಯ. ಇಪ್ಪತ್ತನಾಲ್ಕು ಕಂಬಗಳ ಆ ಗುಡಿ ಮಿಹ್ರ್ ಎಂಬ ಸೂರ್ಯದೇವನದೆಂದು ಹೆಚ್ಚಿನವರ ಅಭಿಪ್ರಾಯ; ಆ ಹೆಸರು ಇರಾನಿನ ಮಿಥ್ರ, ನಮ್ಮ ವೇದದ ಮಿತ್ರ. 1679ರ ಭೂಕಂಪದಲ್ಲಿ ಕುಸಿದುಬಿದ್ದುದನ್ನು 1969ರಿಂದ 1975ರವರೆಗೆ ಅದರದೇ ಕಲ್ಲುಗಳಿಂದ ಎತ್ತಿ ನಿಲ್ಲಿಸಿದರು, ಕಳೆದುಹೋದ ಕಲ್ಲುಗಳ ಜಾಗದಲ್ಲಿ ಕೆತ್ತನೆಯಿಲ್ಲದ ಹೊಸ ಕಲ್ಲನ್ನು ಇಟ್ಟರು. ಯಾವುದು ಹಳತು, ಯಾವುದು ಹೊಸತು ಎಂಬುದು ಕಣ್ಣಿಗೆ ಸ್ಪಷ್ಟವಾಗಿ ಕಾಣಬೇಕೆಂಬ ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು; ನಮ್ಮ ಜೀರ್ಣೋದ್ಧಾರ ಸಮಿತಿಗಳ ಗ್ರಾನೈಟು ಮತ್ತು ಎಣ್ಣೆಬಣ್ಣ ನೆನಪಾಯಿತು. ಅದರ ಒಂಬತ್ತು ಮೆಟ್ಟಿಲುಗಳು ಒಂದೊಂದೂ ಮೊಣಕೈಯಿಂದ ಮಣಿಕಟ್ಟಿನಷ್ಟು ಎತ್ತರ. ಹತ್ತಬೇಡಿ, ಸುತ್ತಲೂ ನಡೆದು ನೋಡಿದರೆ ಸಾಕು. ಕೆಳಗಿನ ಕಮರಿಯಲ್ಲಿ ಜೇನುಗೂಡಿನಂತೆ ಜೋಡಿಸಿಟ್ಟ ಕರಿಯ ಕಲ್ಲುಕಂಬಗಳಿವೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಡದ್ದೇ ಇಲ್ಲಿ ಹತ್ತಾರು ಆಳೆತ್ತರಕ್ಕೆ ಬೆಳೆದಿದೆ, ಲಾವಾ ತಣಿಯುವಾಗ ಕುಗ್ಗಿ ಬಿರಿದು ಆದದ್ದು.

ಎಲ್ಲವೂ ಒಂದೇ ರೀತಿ ಕಂಡೀತೇ ಎಂಬ ಸಂದೇಹ ಸಹಜ. ಕಟ್ಟಡಕ್ಕೆ ಬದಲಾಗಿ ಖಾಚ್ಕಾರ್ ಎಂಬ ಶಿಲುಬೆಗಲ್ಲುಗಳನ್ನು ನೋಡುತ್ತ ಹೋಗಿ. ನಮ್ಮ ವೀರಗಲ್ಲಿನಂತೆ ಆಳೆತ್ತರದ ಚಪ್ಪಡಿ. ಸತ್ತವರ ಆತ್ಮಕ್ಕೆಂದೋ, ಗೆದ್ದ ಯುದ್ಧಕ್ಕೆಂದೋ, ಕಟ್ಟಿದ ಸೇತುವೆಗೆಂದೋ ನಿಲ್ಲಿಸಿದ್ದು. ನಡುವೆ ಶಿಲುಬೆ, ಸುತ್ತಲೂ ಕಸೂತಿಯಂತಹ ಹೆಣಿಗೆ. ಒಂದರ ಹೆಣಿಗೆ ಇನ್ನೊಂದರಲ್ಲಿಲ್ಲ. ಅರ್ಮೇನಿಯನ್ ಭಾಷೆಯ ಅಕ್ಷರಗಳನ್ನು ಮೆಸ್ರೋಪ್ ಮಾಷ್ಟೋತ್ಸ್ ಎಂಬ ಸನ್ಯಾಸಿ 405ರಲ್ಲಿ ರೂಪಿಸಿದನು, ಗೋಡೆಗಳ ತುಂಬ ದಾನಶಾಸನಗಳೇ. ಇಂತಹವನು ಇಂತಿಷ್ಟು ತೋಟ ಬಿಟ್ಟನು, ಪ್ರತಿಯಾಗಿ ವರ್ಷಕ್ಕೆ ಇಷ್ಟು ಪೂಜೆ ಎಂಬ ಒಕ್ಕಣೆಯನ್ನು ಗೈಡ್ ಓದಿ ಹೇಳಿದಾಗ ನಮ್ಮ ಬಸದಿಗಳ ಶಾಸನದ ಮುಂದೆ ನಿಂತಂತೆಯೇ ಆಯಿತು.

ಭಾನುವಾರದ ಬಗ್ಗೆ ಒಂದು ಎಚ್ಚರಿಕೆ. ಆ ದಿನ ಗೆಗಾರ್ಡಿಗೆ ಹರಕೆಯ ಕುರಿ, ಹುಂಜಗಳನ್ನು ತರುವ ಸಂಪ್ರದಾಯವಿದೆ, ಮತಾಘ್ ಎನ್ನುತ್ತಾರೆ. ಪಾದ್ರಿ ಉಪ್ಪನ್ನು ಮಂತ್ರಿಸಿಕೊಡುತ್ತಾರೆ, ಮಾಂಸವನ್ನು ಬೇಯಿಸಿ ಹಂಚುತ್ತಾರೆ. ನಮ್ಮೂರಿನ ದೈವದ ಹರಕೆ ಕಂಡವರಿಗೆ ಇದು ಹೊಸದಲ್ಲ, ಆದರೆ ಮಾಸ್ಟ್ರ ಮನೆಯವರಿಗೆ ಅದು ಹಿತವಾಗಲಾರದು.

ಕುಂಬಳೆ–ದುಬೈ:

ಊಟದ ಪ್ರಶ್ನೆ ಬಾಕಿ ಉಳಿಯಿತು. ಗಾರ್ನಿಯಲ್ಲಿ ನೆಲದೊಳಗಿನ ತೊನಿರ್ ಒಲೆಯಲ್ಲಿ ಲವಾಶ್ ಎಂಬ ತೆಳ್ಳನೆಯ ರೊಟ್ಟಿಯನ್ನು ಕಣ್ಣೆದುರೇ ಸುಟ್ಟುಕೊಡುತ್ತಾರೆ: ಗೋಧಿಹಿಟ್ಟು, ನೀರು, ಉಪ್ಪು, ಅಷ್ಟೇ. ಹತ್ತಾರು ಬಗೆಯ ಸೊಪ್ಪು ತುಂಬಿಸಿದ ಜಿಂಗ್ಯಾಲೋವ್ ಹಾತ್ಸ್ ಎಂಬ ರೊಟ್ಟಿ ಸಿಕ್ಕಿದರೆ ಬಿಡಬೇಡಿ. ತಾನ್ ಎಂದು ಕೇಳಿದರೆ ಉಪ್ಪು ಹಾಕಿದ ಮಜ್ಜಿಗೆ ಬರುತ್ತದೆ. ಗೆಗಾರ್ಡಿನ ದಾರಿಬದಿಯಲ್ಲಿ ಹೆಂಗಸರು ಮಾರುವ ಗಾತಾ ಎಂಬ ಸಿಹಿರೊಟ್ಟಿಯ ಮೇಲೆ ಸಾಮಾನ್ಯವಾಗಿ ಮೊಟ್ಟೆ ಸವರಿರುತ್ತಾರೆ, ಬೇಡ. ವಾಲ್‌ನಟ್ಟನ್ನು ದಾರಕ್ಕೆ ಪೋಣಿಸಿ ದ್ರಾಕ್ಷಿರಸದ ಪಾಕದಲ್ಲಿ ಅದ್ದಿ ಒಣಗಿಸಿದ ಸಿಹಿ ಸುಜುಖ್ ತೆಗೆದುಕೊಳ್ಳಬಹುದು. ಆದರೆ ಅಂಗಡಿಯಲ್ಲಿ ಬರೀ ಸುಜುಖ್ ಎಂದು ಕೇಳಿದರೆ ಮಾಂಸದ್ದನ್ನು ಕೊಟ್ಟಾರು, ಹೆಸರು ಒಂದೇ.

ನೀರ್ಚಾಲಿನ ಮಾಸ್ಟ್ರು:

ಮೂವರಿಗೂ ಕೃತಜ್ಞತೆಗಳು. ಮಗನೊಡನೆ ಮಾತನಾಡಿ ಹೀಗೆ ನಿರ್ಣಯಿಸಿದ್ದೇವೆ: ಭಾನುವಾರ ಬೆಳಗ್ಗೆ ಯೆರೆವಾನಿನಲ್ಲಿಯೇ ಒಂದು ಇಗರ್ಜಿಯಲ್ಲಿ ಪತರಗ್ ಕೇಳುವುದು, ಸೋಮವಾರ ಕಾರು ಮತ್ತು ಗೈಡನ್ನು ಗೊತ್ತುಮಾಡಿಕೊಂಡು ಗಾರ್ನಿಗೂ ಗೆಗಾರ್ಡಿಗೂ ಹೋಗುವುದು, ಸೆವಾನ್ ಸರೋವರವನ್ನು ಅದರೊಂದಿಗೆ ಸೇರಿಸದಿರುವುದು. ಅರರಾತ್ ಪರ್ವತ ಆಕಾಶ ಶುಭ್ರವಾಗಿದ್ದರೆ ಯೆರೆವಾನಿನಿಂದಲೇ ಕಾಣುವುದೆಂದು ಮಗ ಹೇಳುತ್ತಾನೆ, ಮಂಜೇಶ್ವರದ ತಂಗಿ ಇಷ್ಟಕ್ಕೆ ನನ್ನನ್ನು ಕ್ಷಮಿಸಬೇಕು. ಹೊಂಡದ ಕಥೆಯನ್ನು ಮನೆಯವರಿಗೆ ಓದಿ ಹೇಳಿದೆ. ರೊಟ್ಟಿ ಎಸೆದ ವಿಧವೆಯ ಹೆಸರೇನೆಂದು ಕೇಳಿದರು, ಗೈಡನ್ನು ಕೇಳುವುದಾಗಿ ಒಪ್ಪಿಕೊಂಡಿದ್ದೇನೆ. ಮೇಲಿನ ಮಂಟಪದಲ್ಲಿ ಹಾಡುಗಾರರು ಸಿಗದಿದ್ದರೆ ತಾವೇ ಒಂದು ದೇವರನಾಮ ಹಾಡುವುದಾಗಿಯೂ ಹೇಳುತ್ತಿದ್ದಾರೆ. ಅದಕ್ಕೆ ಅಲ್ಲಿಯವರ ಆಕ್ಷೇಪವಿದೆಯೇ ಎಂಬುದನ್ನು ಮಾತ್ರ ಕುಂಬಳೆಯವರು ತಿಳಿಸಬೇಕು.

ಕುಂಬಳೆ–ದುಬೈ:

ಪೂಜೆ ನಡೆಯದ ಹೊತ್ತಿನಲ್ಲಿ, ಗೈಡಿಗೆ ಒಂದು ಮಾತು ಹೇಳಿ, ಮೆಲ್ಲನೆ ಹಾಡಲಿ ಮಾಸ್ಟ್ರೇ. ನಾನು ಹೋದಾಗ ಯಾರೋ ಒಬ್ಬರು ಬರೀ ಒಂದು ಸ್ವರ ಹಿಡಿದು ನಿಂತಿದ್ದರು, ಯಾರೂ ತಡೆಯಲಿಲ್ಲ. ಅಮ್ಮನವರು ವಿಳಂಬದಲ್ಲಿ ಹಾಡಬೇಕು. ಬೇಗ ಹಾಡಿದರೆ ಹಿಂದಿನ ಸಾಲು ಮುಗಿಯುವ ಮೊದಲೇ ಮುಂದಿನದು ಅದರ ಮೇಲೆ ಬಂದು ಬೀಳುತ್ತದೆ.