ಗಂಡು ಬಡ್ಜಿ ಹೆಡಕು ಬೋಳಾಗೈತಿ: ಹುಳಾನೋ, ಹೆಣ್ಣಿನ ಕಾಟಾನೋ?

ಇಳಕಲ್ ಪಂಜರ (ಬಾಗಲಕೋಟೆ)
ಒಂದ ಜೋಡಿ ಲವ್ ಬರ್ಡ್ಸ್ ಅದಾವ್ರಿ, ಒಂದೂವರಿ ವರ್ಷದ್ದು. ಗಂಡಿನ ಹೆಡಕಿನಾಗ ಎಂಟಾಣೆ ಅಗಲ ಪುಚ್ಚ ಹೋಗಿ ತೊಗಲ ಕಾಣತೈತಿ, ಗಾಯ ಇಲ್ಲ. ಹೆಣ್ಣಿಗೆ ಏನೂ ಆಗಿಲ್ಲ. ಪಂಜರ ಎರಡ ಫೂಟ, ಒಳಗ ಗಡಿಗಿ ಕಟ್ಟೈತಿ, ಮೊಟ್ಟಿ ಇಲ್ಲ. ತಿನ್ನಾಕ ಬರೀ ನವಣಿ. ಅಂಗಡಿಯವ್ರು 'ಹುಳ ಆಗ್ಯಾವ, ದನಕ್ಕ ಮಾಡೂ ಐವರ್‌ಮೆಕ್ಟಿನ್ ಇಂಜೆಕ್ಷನ್ ಒಂದ ಹನಿ ಹೆಡಕಿಗೆ ಬಿಡ್ರಿ' ಅಂದ್ರು. ಬಿಡಬಹುದಾ?

ಗುಮ್ಮಟದ ಗಿಳಿ (ವಿಜಯಪುರ)
ಬಿಡಬ್ಯಾಡ್ರಿ. ಲೆಕ್ಕ ನೋಡ್ರಿ. ದನದ ಇಂಜೆಕ್ಷನ್ 1%, ಅಂದ್ರ ಒಂದು ಎಂ.ಎಲ್.ನಾಗ 10 ಮಿ.ಗ್ರಾಂ ಔಷಧ. ಒಂದು ಹನಿ ಸುಮಾರು 0.05 ಎಂ.ಎಲ್., ಅದರಾಗ 0.5 ಮಿ.ಗ್ರಾಂ. ಕಿಲೋಕ್ಕ 0.2 ಮಿ.ಗ್ರಾಂ ಲೆಕ್ಕ ಹಿಡಿದ್ರ 35 ಗ್ರಾಂ ಹಕ್ಕಿಗೆ ಬೇಕಾಗೋದು 0.007 ಮಿ.ಗ್ರಾಂ. ಎಪ್ಪತ್ತು ಪಟ್ಟು ಹೆಚ್ಚಾಗ್ತದ, ಹಕ್ಕಿ ಉಳಿಯೂದು ಕಷ್ಟ.

ನಿಮ್ಮವು ಬಡ್ಜಿ, ಅಂದ್ರ ಬಜರಿಗರ್ ಅನ್ನೂ ಸಣ್ಣ ಗಿಳಿ. ಎಲ್ಲಾರೂ ಲವ್ ಬರ್ಡ್ಸ್ ಅಂತಾರ, ಖರೇ ಲವ್ ಬರ್ಡ್ ಬ್ಯಾರೆ ಜಾತಿ, ತೂಕಾನೂ ಹೆಚ್ಚು. ಡಾಕ್ಟರ ಹತ್ರ ಹೋದಾಗ ಬಡ್ಜಿ ಅಂತನ ಹೇಳ್ರಿ.

ಇನ್ನ ಹುಳದ ಮಾತು. ಯಾವ ಹಕ್ಕೀನೂ ತನ್ನ ಕೊಕ್ಕಿನಿಂದ ತನ್ನ ಹೆಡಕಿನ ಪುಚ್ಚ ಕೀಳಲಾರದು. ಎದಿ, ರೆಕ್ಕಿ ಅಡಿ, ತೊಡಿ ಬೋಳಾದ್ರ ತಾನ ಕಿತ್ಕೊಂಡದ್ದು. ಹೆಡಕು ಬೋಳಾದ್ರ ಜೊತಿಗಿದ್ದದ್ದು ಕಿತ್ತಿರ್ತದ, ಇಲ್ಲಾ ತುರಿಕಿ ತಾಳಲಾರದ ಸರಳಿಗೆ ತಿಕ್ಕಿರ್ತದ. ಹೆಣ್ಣಿನ ಮೂಗು (ಕೊಕ್ಕಿನ ಮ್ಯಾಲೆ ಹೊಳ್ಳಿ ಇರೂ ಜಾಗ) ಈಗ ಗಾಢ ಕಂದು ಬಣ್ಣಕ್ಕ ತಿರುಗಿ ದಪ್ಪ ಆಗ್ಯದೇನು? ಗಡಿಗಿ ಬಾಯಾಗ ಕುಂಡ್ರತದೇನು? ಹೌದು ಅಂದ್ರ ಅದಕ್ಕ ಮರಿ ಮಾಡೂ ಕಾಲ ಬಂದದ, ಗಂಡನ್ನ ಗೋಳಾಡಸಾಕತ್ತದ.

ಆದ್ರೂ ಹುಳ ಇಲ್ಲ ಅಂತ ಖಾತ್ರಿ ಮಾಡ್ಕೋರಿ. ರಾತ್ರಿ ಪಂಜರಕ್ಕ ಬಿಳಿ ಬಟ್ಟಿ ಮುಚ್ಚಿ, ನಸುಕಿನ್ಯಾಗ ಬ್ಯಾಟರಿ ಹಚ್ಚಿ ಬಟ್ಟಿ ಒಳಮೈ ನೋಡ್ರಿ. ರಕ್ತ ಕುಡದ ಕೆಂಪು ಉಣ್ಣಿ ರಾಗಿಕಾಳಿಗಿಂತ ಸಣ್ಣ ಚುಕ್ಕಿ ಆಗಿ ಹರದಾಡ್ತದ. ಹಗಲೊತ್ತು ಗಡಿಗಿ ಸಂದಿಯಾಗ ಅಡಗಿರ್ತದ, ಹಕ್ಕಿ ಮೈಮ್ಯಾಲೆ ಹುಡುಕಿದ್ರ ಸಿಗೂದಿಲ್ಲ. ಕೊಕ್ಕಿನ ಬುಡಕ್ಕ, ಕಾಲಿಗೆ ಜೇನಗೂಡಿನಂಥ ತೂತಿನ ಹಕ್ಕಳಿ ಇದ್ರ ಅದು ಇನ್ನೊಂದು ನಮೂನಿ ಹುಳ, ಅದಕ್ಕ ಡಾಕ್ಟರ್ ತೂಕ ಹಿಡಿದು ಔಷಧ ಕೊಡಬೇಕು.

ಕೋಟೆಕೆರೆ (ಬೆಳಗಾವಿ)
ಪಂಜರದ ತಳದಲ್ಲಿ ಬಿದ್ದ ಗರಿಗಳನ್ನೂ ನೋಡಿ. ಬುಡದ ಟೊಳ್ಳು ಕಡ್ಡಿ ಪೂರ್ತಿ ಇದ್ದರೆ ಗರಿ ಬೇರುಸಹಿತ ಬಂದಿದೆ. ಆ ಜಾಗದಲ್ಲಿ ಹತ್ತು-ಹದಿನಾಲ್ಕು ದಿನಕ್ಕೆ ಹೊಸ ಮೊನೆ ಕಾಣುತ್ತದೆ, ಐದಾರು ವಾರಕ್ಕೆ ಗರಿ ಪೂರ್ತಿಯಾಗುತ್ತದೆ. ನಡುವೆ ಕಡಿದ ತುಂಡು ಸಿಕ್ಕರೆ ಮೋಟು ಚರ್ಮದಲ್ಲೇ ಉಳಿದಿದೆ, ಮುಂದಿನ ಸಲ ಗರಿ ಬದಲಾಯಿಸುವವರೆಗೆ ಏನೂ ಬೆಳೆಯದು. ಒಂದೇ ಕಡೆ ತಿಂಗಳುಗಟ್ಟಲೆ ಕಿತ್ತರೆ ಗರಿಯ ಬೇರೇ ಸತ್ತು ಜಾಗ ಬೋಳಾಗಿಯೇ ಉಳಿಯಬಹುದು. ಅದಕ್ಕೇ ತಡ ಮಾಡಬಾರದು.

ಮೊದಲು ಗಡಿಗೆ ತೆಗೆಯಿರಿ. ಹೆಣ್ಣನ್ನು ಬೇರೆ ಪಂಜರಕ್ಕೆ ಹಾಕಿ, ಗಂಡು ಇದ್ದಲ್ಲೇ ಇರಲಿ. ಸಂಜೆ ಬೇಗ ಬಟ್ಟೆ ಮುಚ್ಚಿ ಹನ್ನೆರಡು ತಾಸು ಕತ್ತಲೆ ಕೊಡಿ.

ಆಮೇಲೆ ಊಟ. ಗರಿಯ ಬಹುಪಾಲು ಪ್ರೋಟೀನು, ಬರೀ ನವಣೆಯಿಂದ ಅದು ಪೂರೈಸದು, ಎ ಜೀವಸತ್ವವಂತೂ ಇಲ್ಲವೇ ಇಲ್ಲ ಎನ್ನಬಹುದು. ಗಂಡಿಗೆ ದಿನ ಬಿಟ್ಟು ದಿನ ಅರ್ಧ ಟೀ ಚಮಚ ಬೇಯಿಸಿದ ಮೊಟ್ಟೆ ಪುಡಿ ಮಾಡಿ ಕೊಡಿ, ಎರಡು ತಾಸಿನೊಳಗೆ ಬಟ್ಟಲು ತೆಗೆಯಿರಿ, ನಮ್ಮ ಬಿಸಿಲಿಗೆ ಬೇಗ ಕೆಡುತ್ತದೆ. ಹೆಣ್ಣಿಗೆ ಸದ್ಯ ಮೊಟ್ಟೆ ಬೇಡ, ಕೊಟ್ಟರೆ ಮತ್ತೆ ಗೂಡಿನ ಹಂಬಲ ಹತ್ತುತ್ತದೆ. ತುರಿದ ಗಜ್ಜರಿ, ನುಗ್ಗೆ ಸೊಪ್ಪು, ಕಟಲ್ ಬೋನ್ (ಸುಣ್ಣದಂಶಕ್ಕೆ ಕೊಡುವ ಸಮುದ್ರಜೀವಿಯ ಬಿಳಿ ಚಿಪ್ಪು) ಎರಡಕ್ಕೂ ಇರಲಿ.

ಬೋಳಿಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಸುತ್ತಲಿನ ಗರಿ ಅಂಟಿಕೊಂಡು ಮೈ ಬಿಸಿ ನಿಲ್ಲುವುದಿಲ್ಲ, ಕೊಕ್ಕಿನಿಂದ ಒರೆಸಿಕೊಂಡು ಹೊಟ್ಟೆಗೂ ಸೇರುತ್ತದೆ.

ಇಳಕಲ್ ಪಂಜರ
ಬಟ್ಟಿ ಮ್ಯಾಲೆ ಏನೂ ಕಾಣಲಿಲ್ರಿ. ಹೆಣ್ಣಿನ ಮೂಗು ಕಂದು, ನೀವ ಹೇಳಿದ್ದ ಖರೆ. ಬ್ಯಾರೆ ಮಾಡಿ ಇವತ್ತಿಗೆ 13 ದಿನ. ಬೋಳಿನಾಗ ಜಾಲಿಮುಳ್ಳಿನಂಗ ಕಪ್ಪ ಮೊನಿ ಎದ್ದಾವ, ಬಿಳಿ ಹೊಟ್ಟ ಉದುರತೈತಿ. ರೋಗೇನ್ರಿ?

ಗುಮ್ಮಟದ ಗಿಳಿ
ಅದು ಹೊಸ ಪುಚ್ಚನ ರೀ. ಸುರುಳಿ ಸುತ್ತಿದ ಎಲಿ ಇದ್ದಂಗ ಪುಚ್ಚ ಒಂದು ಕೊಳವಿಯೊಳಗ ಬೆಳೀತದ. ಬುಡದಾಗ ಕಪ್ಪು ಕಾಣೂದು ರಕ್ತ. ಬೆಳದಂಗ ರಕ್ತ ಕೆಳಗಿಳಿದು ಮ್ಯಾಲಿನ ಕೊಳವಿ ಒಣಗಿ ಹೊಟ್ಟು ಆಗ್ತದ, ಅದ ನೀವು ನೋಡಿದ್ದು. ಉಗರಿನಿಂದ ಬಿಡಿಸಾಕ ಹೋಗಬ್ಯಾಡ್ರಿ. ಎರಡು ದಿನಕ್ಕೊಮ್ಮೆ ಮೆಂತೆಸೊಪ್ಪಿನ ಸಿವುಡು ಚೊಲೋತಂಗ ತೊಳದು ನೀರು ಸೋರೂವಾಗಲೇ ಪಂಜರದಾಗ ತೂಗಬಿಡ್ರಿ. ಬಡ್ಜಿ ತಟ್ಟಿನ್ಯಾಗಿನ ನೀರಿಗಿಂತ ತೊಯ್ದ ಎಲಿಯಾಗ ಮೈ ಉಜ್ಜೂದು ಇಷ್ಟಪಡ್ತಾವ, ಕೊಳವಿ ಮೆತ್ತಗಾಗಿ ತುರಿಕಿ ಇಳೀತದ. ಮಧ್ಯಾಹ್ನದೊಳಗ ಮಾಡ್ರಿ, ಒದ್ದಿ ಮೈಯಾಗ ಕೂಲರ್ ಗಾಳಿ ನೇರ ಬಡೀಬಾರದು.

ಮೊನಿ ಮುರದು ರಕ್ತ ಬಂದ್ರ ಕಾರ್ನ್ ಫ್ಲೋರ್ ಒತ್ತಿ ಎರಡು ನಿಮಿಷ ಹಿಡೀರಿ. ಹಕ್ಕಿ ಮೈಯಾಗ ಇರೂದ ಮೂರು ಎಂ.ಎಲ್. ರಕ್ತ, ನಿಲ್ಲದಿದ್ರ ದವಾಖಾನಿಗೆ ಓಡ್ರಿ.

ಇಳಕಲ್ ಪಂಜರ
ಇನ್ನೊಂದ್ರಿ. ಗಂಡಿನ ಬಲ ರೆಕ್ಕ್ಯಾಗ ನಾಕ ಪುಚ್ಚ ಕತ್ತರಿ ಹಾಕಿದಂಗ ನೆಟ್ಟಗ ಕಡದಾವ. ತಂದಾಗಿಂದ ಹಂಗ ಅದಾವ. ಕಿತ್ತರ ಲಗೂನ ಬರತಾವಂತ, ಹೌದಾ? ಹೆಣ್ಣ ಯಾವಾಗ ಹೊಳ್ಳಿ ಬಿಡಬೇಕು?

ಕೋಟೆಕೆರೆ
ಕೀಳಬೇಡಿ. ರೆಕ್ಕೆಯ ದೊಡ್ಡ ಗರಿಯ ಬೇರು ಎಲುಬಿಗೆ ಹತ್ತಿಕೊಂಡಿರುತ್ತದೆ, ಕಿತ್ತರೆ ನೋವು, ಮುಂದಿನ ಗರಿ ಸೊಟ್ಟ ಬರಲೂಬಹುದು. ತಾನಾಗಿ ಬದಲಾಗಲಿ. ಆಗ ಹೊಸದಾಗಿ ಬರುವ ಗರಿಗೆ ಅಕ್ಕಪಕ್ಕದ ಆಸರೆ ಇರದೆ ಬಿದ್ದಾಗ ಮುರಿಯುತ್ತದೆ, ಹಾಗಾಗಿ ಕೂರುವ ಕೋಲುಗಳನ್ನು ನಾಲ್ಕೈದು ಇಂಚು ಎತ್ತರಕ್ಕೆ ಇಳಿಸಿಡಿ.

ಹೆಡಕಿನ ಮುಳ್ಳೆಲ್ಲ ಬಿಚ್ಚಿ ಗರಿಯಾಗುವವರೆಗೆ ಹೆಣ್ಣನ್ನು ಸೇರಿಸಬೇಡಿ, ಆ ಮೊನೆ ಕಂಡರೆ ಮತ್ತೆ ಕೊಕ್ಕು ಹಾಕುತ್ತದೆ. ಸೇರಿಸುವ ದಿನ ಕೋಲು, ಬಟ್ಟಲುಗಳ ಜಾಗ ಬದಲಿಸಿ, ಕಾಳಿನ ಬಟ್ಟಲು ಎರಡಿಡಿ. ಬೆಳಿಗ್ಗೆ ಬಿಟ್ಟು ಸಂಜೆವರೆಗೆ ಗಮನಿಸಿ, ಹೆಡಕಿಗೆ ಬಾಯಿ ಹಾಕಿದರೆ ಅವತ್ತೇ ಮತ್ತೆ ಬೇರೆ ಮಾಡಿ.