ಬಿಪಿಎಲ್ ಕಾರ್ಡ್ ಇದ್ದರೂ ರಾತ್ರಿ ಅಡ್ವಾನ್ಸ್ ಯಾಕೆ ಕೇಳುತ್ತಾರೆ? ಬಜೆಟ್‌ನಲ್ಲಿ ಇಟ್ಟ ದುಡ್ಡು ಎಲ್ಲಿದೆ?

ಪ್ರಶ್ನೆ (ತಿಪಟೂರು ಕಡೆಯಿಂದ):
ಮೇಡಂ, ನಮಸ್ತೆ. ಹೋದ ತಿಂಗಳು ರಾತ್ರಿ ನಮ್ಮ ಮಾವನಿಗೆ ಹಾರ್ಟ್ ಅಟ್ಯಾಕ್ ಆಯಿತು. ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅದು ಆಯುಷ್ಮಾನ್ ಪಟ್ಟಿಯಲ್ಲಿದೆ, ಬಾಗಿಲಲ್ಲೇ ಬೋರ್ಡ್ ಹಾಕಿದ್ದಾರೆ. ಬಿಪಿಎಲ್ ಕಾರ್ಡ್ ಕೊಟ್ಟರೆ ಕ್ಯಾಶ್ ಕೌಂಟರ್‌ನವರು ಮುಟ್ಟಲೂ ಇಲ್ಲ. "ಸರ್ಕಾರದಿಂದ ಹಳೇ ಬಿಲ್ಲೇ ಬಂದಿಲ್ಲ, ಮೊದಲು 60 ಸಾವಿರ ಕಟ್ಟಿ" ಅಂದರು. ಬಾವಮೈದ ಅಲ್ಲೇ ಫೋನ್‌ಪೇ ಮಾಡಿದ, ಬೆಳಿಗ್ಗೆ ನನ್ನ ಹೆಂಡತಿ ಬಳೆ ಅಡ ಇಟ್ಟು ಅವನಿಗೆ ವಾಪಸ್ ಕೊಟ್ಟೆವು. ಸ್ಟೆಂಟ್ ಹಾಕಿದರು, ಮಾವ ಈಗ ಹುಷಾರಾಗಿದ್ದಾರೆ. ಆದರೆ ಡಿಸ್ಚಾರ್ಜ್ ಆಗುವ ಮುಂಚೆ ಬಂದು ಅವರ ಬೆರಳಚ್ಚು ತಗೊಂಡು ಹೋದರು, ಯಾಕೆ ಅಂತ ಹೇಳಲಿಲ್ಲ. ಬಜೆಟ್‌ನಲ್ಲಿ ಇದಕ್ಕೆ ಅಂತಲೇ ದುಡ್ಡು ಇಟ್ಟಿರುತ್ತಾರೆ ಅಲ್ವಾ? ಅದು ಯಾಕೆ ತಲುಪಲ್ಲ?

ಉತ್ತರ (ನಿವೃತ್ತ ಲೆಕ್ಕಾಧಿಕಾರಿ):
ಮಾವ ಹುಷಾರಾಗಿದ್ದಾರಲ್ಲ, ಅದು ದೊಡ್ಡದು. ಆ ಕೌಂಟರ್‌ನಲ್ಲಿ ನಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ದುಡ್ಡಿನ ದಾರಿ ಹೇಳುತ್ತೇನೆ. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯೂ ಕೇಂದ್ರದ ಆಯುಷ್ಮಾನ್ ಭಾರತವೂ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಲ್ಲರೂ ಇದನ್ನು ಇನ್ಶೂರೆನ್ಸ್ ಅಂತಾರೆ, ಆದರೆ ನಮ್ಮಲ್ಲಿ ನಡುವೆ ವಿಮಾ ಕಂಪನಿಯೇ ಇಲ್ಲ. ರಾಜ್ಯ ಸರ್ಕಾರದ್ದೇ ಆದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ದುಡ್ಡು ಕೊಡುತ್ತದೆ. ಕಂಪನಿ ಇದ್ದಿದ್ದರೆ ಒಂದು ಸಲ ಪ್ರೀಮಿಯಂ ಕಟ್ಟಿ ಕೈ ತೊಳೆದುಕೊಳ್ಳಬಹುದಿತ್ತು, ಕೇಸು ಜಾಸ್ತಿ ಬಂದರೆ ನಷ್ಟ ಅವರದು. ಇಲ್ಲಿ ಆ ಹೊರೆ ಪೂರ್ತಿ ಸರ್ಕಾರದ್ದೇ. ಬಜೆಟ್‌ನಲ್ಲಿ ವರ್ಷಕ್ಕೆ ಇಷ್ಟು ಅಂತ ಅಂದಾಜು ಬರೆಯುತ್ತಾರೆ, ಹಣಕಾಸು ಇಲಾಖೆ ಅದನ್ನು ಕಂತು ಕಂತಾಗಿ ಬಿಡುಗಡೆ ಮಾಡುತ್ತದೆ, ಟ್ರಸ್ಟ್ ಆಸ್ಪತ್ರೆ ಹಾಕಿದ ಒಂದೊಂದು ಕ್ಲೇಮನ್ನೂ (ಬಿಲ್ಲನ್ನೂ) ಪರಿಶೀಲಿಸಿ ಆಸ್ಪತ್ರೆಗೆ ದುಡ್ಡು ಕಳಿಸುತ್ತದೆ. ಅಂದಾಜು ಮೀರಿದರೆ ಹೆಚ್ಚುವರಿ ದುಡ್ಡು ಕೇಳುವ ಪೂರಕ ಅಂದಾಜಿಗೆ ಶಾಸನಸಭೆ ಒಪ್ಪಿಗೆ ಬೇಕು. ಅಲ್ಲಿವರೆಗೆ ಬಿಲ್ಲು ಕಾಯುತ್ತಾ ಕೂತಿರುತ್ತವೆ.

ಕೇಂದ್ರ ಕೊಡಲ್ವಾ ಅಂತ ಕೇಳಬಹುದು. ಕೊಡುತ್ತದೆ, ಕೇಂದ್ರ 60, ರಾಜ್ಯ 40ರ ಲೆಕ್ಕ. ಆದರೆ ಆ ಲೆಕ್ಕ 2011ರ ಸಾಮಾಜಿಕ ಆರ್ಥಿಕ ಗಣತಿಯ ಪಟ್ಟಿಯಲ್ಲಿರುವ ಕುಟುಂಬಗಳಿಗೆ ಮಾತ್ರ. ಬಿಪಿಎಲ್ ಕಾರ್ಡ್ ಇದ್ದೂ ಆ ಪಟ್ಟಿಯಲ್ಲಿ ಇಲ್ಲದ ಲಕ್ಷಾಂತರ ಕುಟುಂಬಗಳ ಖರ್ಚು ಪೂರ್ತಿ ರಾಜ್ಯದ ತಲೆ ಮೇಲೆ.

ಹಾಗಾಗಿ "ಹಳೇ ಬಿಲ್ ಬಂದಿಲ್ಲ" ಅನ್ನುವುದು ಸುಳ್ಳು ಇರಲಿಕ್ಕಿಲ್ಲ. ಆದರೆ ಅದು ಆಸ್ಪತ್ರೆಗೂ ಟ್ರಸ್ಟಿಗೂ ಇರುವ ಬಾಕಿ. ಎದೆ ಹಿಡಿದುಕೊಂಡು ಬಂದವರ ಮನೆಯವರಿಂದ ಅದನ್ನು ವಸೂಲಿ ಮಾಡುವ ಹಕ್ಕು ಯಾರಿಗೂ ಇಲ್ಲ. ತುರ್ತು ಕೇಸಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯೂ ಬೇಡ, ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಪಟ್ಟಿಯಲ್ಲಿ ಇಲ್ಲದ ಖಾಸಗಿ ಆಸ್ಪತ್ರೆ ಕೂಡ ತುರ್ತು ಸಮಯದಲ್ಲಿ ಅಡ್ವಾನ್ಸ್‌ಗಾಗಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ, 2017ರಲ್ಲಿ ತಿದ್ದುಪಡಿಯಾದ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಲ್ಲೇ ಇದೆ.

ಪ್ರಶ್ನೆ (ಗದಗದಿಂದ):
ಮೇಡಂ, ಸರ್ಕಾರದ ಹತ್ರ ದುಡ್ಡೇ ಇಲ್ಲ ಅಂದರೆ ಏನು ಮಾಡೋದು? ನಮ್ಮದು ಎಪಿಎಲ್ ಕಾರ್ಡ್, ನಮಗೇನಾದರೂ ಸಿಗುತ್ತಾ?

ಉತ್ತರ:
ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿ ಮಾಡಿದ ದರದ, ಶೇ. 30 ಸರ್ಕಾರ ಕೊಡುತ್ತದೆ, ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷ ಮಿತಿ. ಉಳಿದದ್ದು ನೀವೇ ಕಟ್ಟಬೇಕು. ರಸ್ತೆ ಅಪಘಾತ ಆದರೆ ಮಾತ್ರ ಬೇರೆ. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಯೋಜನೆ ಇದೆ, ಯಾವ ಕಾರ್ಡ್ ಇದ್ದರೂ ಇಲ್ಲದಿದ್ದರೂ ಅಪಘಾತ ಆದ ದಿನದಿಂದ 7 ದಿನ, 1.5 ಲಕ್ಷದವರೆಗೆ.

ದುಡ್ಡಿಲ್ಲ ಅನ್ನುವ ಮಾತಿಗೆ ಸುಪ್ರೀಂ ಕೋರ್ಟ್ 1996ರಲ್ಲೇ ಉತ್ತರ ಕೊಟ್ಟಿದೆ. ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಒಬ್ಬ ಕೂಲಿಕಾರನನ್ನು ಒಂದಾದ ಮೇಲೆ ಒಂದು ಸರ್ಕಾರಿ ಆಸ್ಪತ್ರೆ ವಾಪಸ್ ಕಳಿಸಿತು, ಕೊನೆಗೆ ಖಾಸಗಿಯಲ್ಲಿ ಸಾವಿರಾರು ರೂಪಾಯಿ ಖರ್ಚಾಯಿತು. ಜೀವ ಉಳಿಸುವ ಚಿಕಿತ್ಸೆಗೆ ಹಣದ ಕೊರತೆಯ ನೆಪ ಹೇಳುವಂತಿಲ್ಲ ಅಂತ ಕೋರ್ಟ್ ಹೇಳಿತು, 25 ಸಾವಿರ ಪರಿಹಾರ ಕೊಡಿಸಿತು.

ನಮ್ಮ 2025-26ರ ಬಜೆಟ್ 4.09 ಲಕ್ಷ ಕೋಟಿ. ಆರೋಗ್ಯಕ್ಕೆ ಇಟ್ಟದ್ದು 17,473 ಕೋಟಿ. ನೂರಕ್ಕೆ ನಾಲ್ಕು ಚಿಲ್ಲರೆ. ರಾಜ್ಯಗಳು 8ಕ್ಕಿಂತ ಜಾಸ್ತಿ ಇಡಬೇಕು ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. ಸುಮ್ನೆ ಮೊತ್ತ ಏರಿಸಿದರೂ ಸಾಲದು. ತುರ್ತು ಕ್ಲೇಮುಗಳಿಗೆ ಬೇರೆಯೇ ನಿಧಿ ಇರಬೇಕು, ಕಂತಿಗೆ ಕಾಯದೆ ಮೊದಲು ಅದೇ ಪಾವತಿ ಆಗಬೇಕು. ಮಂಡಿಚಿಪ್ಪಿನ ಆಪರೇಷನ್ ಬಿಲ್ಲೂ ಹಾರ್ಟ್ ಅಟ್ಯಾಕ್ ಬಿಲ್ಲೂ ಒಂದೇ ಸಾಲಿನಲ್ಲಿ ನಿಲ್ಲುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ತಾಲೂಕು ಆಸ್ಪತ್ರೆಗೂ ದುಡ್ಡು ಹೋಗಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ. ಎದೆನೋವು ಬಂದರೆ ಮೊದಲು ಅಲ್ಲಿಗೆ ಹೋಗಿ, 108ಕ್ಕೆ ಫೋನ್ ಮಾಡಿ.

ತಿಪಟೂರಿನವರೇ, ಆ ಬೆರಳಚ್ಚಿನ ವಿಷಯ ನನಗೆ ಮುಖ್ಯ ಅನಿಸುತ್ತಿದೆ. ಯೋಜನೆಯಲ್ಲಿ ರೋಗಿಯ ಗುರುತು ಖಚಿತಪಡಿಸೋಕೆ ಬೆರಳಚ್ಚು ತಗೊಳ್ಳುತ್ತಾರೆ, ಹಾಗಾಗಿ ನಿಮ್ಮ ಮಾವನ ಹೆಸರಲ್ಲಿ ಆಸ್ಪತ್ರೆಯವರು ಯೋಜನೆಗೂ ಕ್ಲೇಮ್ ಹಾಕಿರಬಹುದು. 60 ಸಾವಿರದ ರಸೀದಿ ಇದೆಯಾ?

ತಿಪಟೂರು ಕಡೆಯವರು:
ಇದೆ ಮೇಡಂ. ಆದರೆ ಅದರಲ್ಲಿ "ಔಷಧಿ ವಗೈರೆ" ಅಂತ ಮಾತ್ರ ಬರೆದಿದ್ದಾರೆ.

ಉತ್ತರ:
ಪರವಾಗಿಲ್ಲ. ಫೋನ್‌ಪೇ ಮಾಡಿದ ದಾಖಲೆಯಲ್ಲಿ ತಾರೀಖು, ಸಮಯ ಎರಡೂ ಇರುತ್ತದೆ, ಅದರ ಪ್ರಿಂಟ್ ತೆಗೆಸಿ. ಮೊದಲು ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಫೋನ್ ಮಾಡಿ, ಕಾರ್ಡ್ ನಂಬರ್ ಹೇಳಿ, ಆ ದಿನದ ಚಿಕಿತ್ಸೆಗೆ ಅನುಮೋದನೆ ಆಗಿದೆಯಾ ಕೇಳಿ. ಆಗಿದ್ದರೆ ಎರಡು ಕಡೆ ದುಡ್ಡು ತಗೊಂಡ ಹಾಗಾಯಿತು, ನಿಮ್ಮಿಂದ ಪಡೆದದ್ದನ್ನು ವಾಪಸ್ ಕೇಳಬಹುದು. ರಸೀದಿ, ಡಿಸ್ಚಾರ್ಜ್ ಸಮ್ಮರಿ, ರೇಷನ್ ಕಾರ್ಡ್ ಜೆರಾಕ್ಸ್ ಜೊತೆಗೆ ಟ್ರಸ್ಟಿಗೆ ಒಂದು ಅರ್ಜಿ ಕೊಡಿ, ಒಂದು ಪ್ರತಿ ಜಿಲ್ಲಾಧಿಕಾರಿಗೆ. ಮೂಲ ರಸೀದಿ ಮಾತ್ರ ಯಾರ ಕೈಗೂ ಕೊಡಬೇಡಿ. ಅರ್ಜಿ ಬರೆಯೋಕೆ ಕಷ್ಟ ಆದರೆ ಇಲ್ಲೇ ಹಾಕಿ, ತಿದ್ದಿ ಕೊಡುತ್ತೇನೆ.